ನಮಿ ಲೂಫಿ ಹತ್ರ ಸಹಾಯ ಕೇಳಿದ್ದು ಸೋಲಾ? (ಒನ್ ಪೀಸ್ – ಆರ್ಲಾಂಗ್ ಪಾರ್ಕ್ ಮುಗಿಸದವರು ಆಮೇಲೆ ಬನ್ನಿ)

ಕಿತ್ತಳೆತೋಟ
ನಿನ್ನೆ ರಾತ್ರಿಯಿಂದ ತಲೆಯಲ್ಲಿ ಇದೇ ಓಡ್ತಿದೆ, ನಿಮ್ಮನ್ನೇ ಕೇಳೋಣ ಅಂತ ಬಂದೆ.

ತಂಗಿಗೆ ಒನ್ ಪೀಸ್ ಮಾಂಗಾ (ಜಪಾನಿನ ಕಡಲ್ಗಳ್ಳರ ಚಿತ್ರಕಥೆ) ಹಿಡಿಸಿ ಎರಡು ತಿಂಗಳಾಯ್ತು. ನಿನ್ನೆ 81ನೇ ಅಧ್ಯಾಯಕ್ಕೆ ಬಂದ್ಲು. ಗೊತ್ತಲ್ಲ, ತನ್ನ ಊರನ್ನ ಹಿಡಿದಿಟ್ಟ ಆರ್ಲಾಂಗ್ ಅನ್ನೋ ಮತ್ಸ್ಯಮಾನವ ಕಡಲ್ಗಳ್ಳನ ಗುರುತಿನ ಹಚ್ಚೆ ಇರೋ ಭುಜಕ್ಕೆ ನಮಿ ತಾನೇ ಚಾಕು ಹಾಕ್ಕೊಳ್ಳೋದು, ಕಥಾನಾಯಕ ಲೂಫಿ ಬಂದು ಕೈ ಹಿಡಿಯೋದು. ನಾನು ಓದೋದು ಬಿಟ್ಟು ಅವಳ ಮುಖಾನೇ ನೋಡ್ತಾ ಕೂತಿದ್ದೆ. ನನಗೆ ಅಲ್ಲಿ ಪ್ರತಿ ಸಲ ಗಂಟಲು ಕಟ್ಟುತ್ತೆ.

ಅವಳು ಓದಿ ಮುಗಿಸಿ, "ಅಷ್ಟೇನಾ? ಎಂಟು ವರ್ಷ ಒಬ್ಬಳೇ ಹೋರಾಡಿದೋಳು, ಕೊನೆಗೆ ಒಬ್ಬ ಹುಡುಗನ ಮುಂದೆ ಅತ್ತು ಕೇಳ್ಕೊಂಡ್ಲು. ಗೆದ್ದಿದ್ದು ಅವನು. ಜೊತೆಗೆ ಇಡೀ ಹಡಗಲ್ಲಿ ದುಡ್ಡಿನ ಆಸೆ ಇರೋದೂ ಅವಳೊಬ್ಬಳಿಗೇ" ಅಂದ್ಲು.

ಏನು ಹೇಳಬೇಕೋ ತೋಚಲಿಲ್ಲ. ಅವಳು ಹೇಳಿದ್ದು ಪೂರ್ತಿ ತಪ್ಪು ಅಂತ ನನ್ನ ಮನಸ್ಸು ಹೇಳ್ತಿದೆ, ಬಾಯಲ್ಲಿ ಮಾತು ಬರ್ತಿಲ್ಲ. ನೀವೇನಂತೀರಿ?

ಗಾಳಿಪಟ
ತಂಗಿ ಹೇಳಿದ್ದರಲ್ಲಿ ಅರ್ಧ ಸರಿ ಇದೆ ಕಣ್ರೀ. ಆರ್ಲಾಂಗ್‌ನ ಹೊಡೆದಿದ್ದು ಲೂಫಿ, ನಮಿ ಅಲ್ಲ. ಇದು ಹುಡುಗರಿಗೆ ಅಂತಲೇ ಬರೋ ವಾರಪತ್ರಿಕೆಯ ಕಥೆ, 1997ರಲ್ಲಿ ಶುರುವಾಗಿದ್ದು. ಕೊನೇ ಏಟು ನಾಯಕಂದೇ ಆಗಿರುತ್ತೆ.

ರಾಬಿನ್ ಪಕ್ಷ
ಕೊನೇ ಏಟು ಯಾರದು ಅನ್ನೋದೇ ಮುಖ್ಯ ಅಂದ್ರೆ ಆ ಅಧ್ಯಾಯ ಓದಿದ್ದೇ ದಂಡ.

ಬೆಳವಲದ ಮಂದಿ
ದುಡ್ಡಿನ ಮಾತಿಗೆ ಮೊದಲು ಉತ್ತರ ಹೇಳ್ತೀನ್ರಿ. ನಿಮ್ಮ ತಂಗ್ಯವ್ವಗ ಲೆಕ್ಕ ತೋರ್ಸ್ರಿ.

ಆರ್ಲಾಂಗ್ ಕೊಕೊಯಾಶಿ ಊರಿಗೆ ಬಂದಾಗ ಹಾಕಿದ ಕಪ್ಪ ದೊಡ್ಡವರಿಗೆ ತಲಾ 1,00,000 ಬೆರಿ, ಸಣ್ಣವರಿಗೆ 50,000. ನಮಿನ್ನ ಸಾಕಿದ ಅವ್ವ ಬೆಲ್‌ಮೇರ್ ಹತ್ರ ಇದ್ದದ್ದು ಒಂದು ಲಕ್ಷದ ಮ್ಯಾಲೆ ಚೂರು. ಅಂದ್ರ ಒಬ್ಬ ತಾಯಿ, ಇಲ್ಲಾ ಎರಡು ಮಕ್ಕಳು (ನಮಿ, ಆಕಿ ಅಕ್ಕ ನೊಜಿಕೊ). ಊರಿನ ಗೆಂಜೊ ಕಣ್ಸನ್ನಿ ಮಾಡ್ತಾನ. ಮಕ್ಕಳು ಅದಾವು ಅನ್ನೋದು ಅವರಿಗೆ ಗೊತ್ತಿಲ್ಲ, ನಿನ್ನ ಪಾಲು ಕೊಟ್ಟು ಸುಮ್ಮನಾಗು, ಹುಡುಗ್ಯಾರು ತಪ್ಪಿಸ್ಕೋತಾವು ಅಂತ. ಆಕಿ ಒಪ್ಪಂಗಿಲ್ಲ. "ಇದು ನನ್ನ ಇಬ್ಬರು ಮಕ್ಕಳ ದುಡ್ಡು" ಅಂತ ಕೊಡ್ತಾಳ. ಮಕ್ಕಳಿಲ್ಲ ಅನ್ನೋ ಒಂದು ಮಾತು ಆಡಿದ್ರ ಜೀವ ಉಳೀತಿತ್ತು. ಆ ಮಾತು ಆಡಲಿಲ್ಲ.

ಇದನ್ನ ಕಣ್ಣಾರೆ ನೋಡಿದ ಹತ್ತು ವರ್ಷದ ಹುಡುಗಿಗೆ ದುಡ್ಡು ಅಂದ್ರೇನು? ಅವತ್ತು ಮನ್ಯಾಗ ಇನ್ನೊಂದು ಲಕ್ಷ ಇದ್ದಿದ್ರ ಅವ್ವ ಬದುಕಿರ್ತಿದ್ಲು. ಆಸೆ ಅಂತ ಕರೀಬ್ಯಾಡ್ರಿ ಇದನ್ನ.

ಕಿತ್ತಳೆತೋಟ
@ಬೆಳವಲದ ಮಂದಿ ಎಷ್ಟು ಸಲ ಓದಿದೀನಿ ಆ ಭಾಗ, ಐವತ್ತು ಸಾವಿರ ಎರಡು ಸಲ ಅಂತ ಈ ತರ ಲೆಕ್ಕ ಹಾಕಿ ನೋಡಿರಲಿಲ್ಲ. ಇದನ್ನ ಹಾಗೇ ಅವಳಿಗೆ ಓದಿ ಹೇಳ್ತೀನಿ.

ಹಳೇ ಓದುಗ
ಇನ್ನೊಂದು ಸೂಕ್ಷ್ಮ ಇದೆ. ಅವತ್ತೇ ಬೆಳಿಗ್ಗೆ ನಮಿ ಬೆಲ್‌ಮೇರ್ ಜೊತೆ ಜಗಳ ಆಡಿರ್ತಾಳೆ. ನೌಕಾಯಾನದ ಪುಸ್ತಕ ಕದ್ದು ಸಿಕ್ಕಿಬಿದ್ದಿರ್ತಾಳೆ, ಬೈಸ್ಕೊಂಡು "ನಾವೇನು ರಕ್ತಸಂಬಂಧಿಗಳಾ" ಅಂದುಬಿಡ್ತಾಳೆ, ಕೆನ್ನೆಗೆ ಏಟು ಬೀಳುತ್ತೆ, ಮನೆ ಬಿಟ್ಟು ಓಡ್ತಾಳೆ. ಬೆಲ್‌ಮೇರ್ ರಾಜಿ ಮಾಡ್ಕೊಳ್ಳೋಕೆ ಅಂತ ಒಳ್ಳೇ ಅಡುಗೆ ಮಾಡ್ತಿರುವಾಗಲೇ ಆರ್ಲಾಂಗ್ ಬಾಗಿಲಿಗೆ ಬರೋದು. ನೀನು ನನ್ನ ತಾಯಿ ಅಲ್ಲ ಅಂದ ಮಗುವಿಗೆ ಅದೇ ದಿನ ಸಂಜೆ ಸಿಕ್ಕ ಉತ್ತರ ಅದು. ಕಥೆಗಾರ ಓದಾ ಈ ಎರಡನ್ನೂ ಒಂದೇ ದಿನಕ್ಕೆ ಇಟ್ಟಿದ್ದಾರೆ, ಅದಕ್ಕೇ ಅದು ಅಷ್ಟು ಆಳಕ್ಕೆ ಇಳಿಯೋದು.

ಫ್ರೆಂಚ್‌ನಲ್ಲಿ ಬೆಲ್‌ಮೇರ್ ಅಂದ್ರೆ ಮಲತಾಯಿ ಅಂತಾನೂ ಅರ್ಥ ಇದೆ.

ಶಿರಸಿ ಸುಮ
ನನ್ನ ಅಮ್ಮ ನಾಲ್ಕು ವರ್ಷ ಚೀಟಿ ಕಟ್ಟಿದ್ಲು. ನನ್ನ ಕಾಲೇಜಿಗೆ ಅಂತ. ಕೊನೇ ಮೂರು ಕಂತು ಇರುವಾಗ ಚೀಟಿ ನಡೆಸುವವನು ರಾತ್ರೋರಾತ್ರಿ ಊರು ಬಿಟ್ಟ. ಸುದ್ದಿ ಬಂದಾಗ ಅಮ್ಮ ಮೊರ ಹಿಡಿದು ಅಕ್ಕಿ ಆರಿಸ್ತಾ ಇದ್ಲು. ಅಳಲಿಲ್ಲ, ಬೈಯಲಿಲ್ಲ. ಅಕ್ಕಿ ಆರಿಸ್ತಾನೇ ಇದ್ಲು. ಆರಿಸಿ ಮುಗಿದ ಮೇಲೂ ಅದೇ ಅಕ್ಕಿಯನ್ನ ಮತ್ತೆ ಕೇರಿ ಮತ್ತೆ ಆರಿಸಿದ್ಲು.

ನೌಕಾಪಡೆಯ ಅಧಿಕಾರಿ ನೆಜುಮಿ ಬಂದು, ನಮಿ ದುಡ್ಡು ಹೂತಿಟ್ಟ ಕಿತ್ತಳೆ ಗಿಡದ ಬುಡ ಅಗೆಸುವಾಗ ನನಗೆ ಆ ಮೊರ ಕಣ್ಣ ಮುಂದೆ ಬಂತು. ಆರ್ಲಾಂಗ್ ಜೊತೆ ಹತ್ತು ಕೋಟಿ ಬೆರಿಗೆ ಊರು ಬಿಡಿಸಿಕೊಳ್ಳುವ ಒಪ್ಪಂದ, ಎಂಟು ವರ್ಷ ಕದ್ದು ಕೂಡಿಟ್ಟಿದ್ದು 9 ಕೋಟಿ 30 ಲಕ್ಷ. ಇನ್ನು ಒಂದೇ ಒಂದು ಕಳ್ಳತನ ಸಾಕಿತ್ತು. ನೌಕಾಪಡೆಯವನೇ ಬಂದು ಮುಟ್ಟುಗೋಲು ಅಂತ ತಗೊಂಡು ಹೋಗ್ತಾನೆ, ಅವನ ಬಾಯಲ್ಲಿ ಹತ್ತು ಕೋಟಿ ಅನ್ನೋ ಮೊತ್ತ ಬಂದ ಕ್ಷಣ ನಮಿಗೆ ಅರ್ಥವಾಗುತ್ತೆ, ಆರ್ಲಾಂಗ್ ಹೇಳಿಕೊಡದೆ ಇದು ಇವನಿಗೆ ಗೊತ್ತಾಗೋ ವಿಷಯವೇ ಅಲ್ಲ ಅಂತ.

ಅಲ್ಲಿಗೆ ಅವಳು ಸೋಲಲಿಲ್ಲ. ಅವಳಿಗೆ ಮೋಸ ಆಯ್ತು. ಎರಡೂ ಬೇರೆ ಬೇರೆ.

ಗಾಳಿಪಟ
@ಶಿರಸಿ ಸುಮ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನಿಮ್ಮ ಮಾತು ಒಪ್ಪಿದೆ. ಆದರೂ ನನ್ನ ಪ್ರಶ್ನೆ ಅಲ್ಲೇ ಇದೆ: ಮೋಸ ಆದ ಮೇಲೆ ತಿರುಗಿ ಹೊಡೆಯೋ ಅವಕಾಶ ಅವಳಿಗೇ ಯಾಕೆ ಕೊಡಲಿಲ್ಲ?

ಶಿರಸಿ ಸುಮ
ಕೊಟ್ಟಿದ್ದಾರಲ್ಲ. ನೆಜುಮಿಗೆ ಕೋಲಲ್ಲಿ ಬಾರಿಸೋದು ಯಾರು? ನೊಜಿಕೊಗೆ ಗುಂಡು ಹೊಡೆದಿದ್ದಕ್ಕೆ ಒಂದು, ಬೆಲ್‌ಮೇರ್ ತೋಟ ಹಾಳು ಮಾಡಿದ್ದಕ್ಕೆ ಇನ್ನೊಂದು.

ಮಲ್ಪೆ ಬಂದರು
ನೀವೆಲ್ಲ ಅಳು, ದುಡ್ಡು ಅಂತ ಮಾತಾಡ್ತಾ ಇದ್ದೀರಿ, ಅವಳ ಕೆಲಸದ ಬಗ್ಗೆ ಯಾರೂ ಹೇಳ್ತಾ ಇಲ್ಲ ಮಾರಾಯ್ರೆ. ಅವಳು ಆ ಹಡಗಿನ ದಾರಿ ನೋಡುವವಳು. ಅದು ಎಂಥ ಕೆಲಸ ಅಂತ ನನಗೆ ಗೊತ್ತುಂಟು, ಯಾಕೆಂದ್ರೆ ನನ್ನ ಅಪ್ಪ ಇಪ್ಪತ್ತೆರಡು ವರ್ಷ ಆಳಸಮುದ್ರ ಬೋಟಿನಲ್ಲಿ ತಂಡೇಲ.

ಈಗ ಬೋಟಲ್ಲಿ ಜಿಪಿಎಸ್ ಉಂಟು, ವಯರ್‌ಲೆಸ್ ಉಂಟು, ಮೀನು ಹುಡುಕುವ ಮೆಷಿನ್ ಉಂಟು. ಆದ್ರೂ ಅಪ್ಪ ಕ್ಯಾಬಿನ್ನಿಂದ ಹೊರಗೆ ಬಂದು ಒಂದು ನಿಮಿಷ ಗಾಳಿಗೆ ಮುಖ ಕೊಟ್ಟು ನಿಲ್ತಾರೆ. ಒಮ್ಮೆ ನಾನು ಜೊತೆಗೆ ಹೋಗಿದ್ದೆ. ಆಕಾಶ ಸ್ವಚ್ಛ ಇತ್ತು. ಅಪ್ಪ ಕೈ ಒದ್ದೆ ಮಾಡಿ ಮೇಲೆತ್ತಿ ಹಿಡಿದು, "ಬಲೆ ಎಳೀರಿ, ವಾಪಸ್" ಅಂದ್ರು. ಬಲೆಯಲ್ಲಿ ಮೀನು ಅರ್ಧವೂ ಆಗಿರಲಿಲ್ಲ. ಯಾರಿಗೂ ಮನಸ್ಸಿಲ್ಲ, ಆದ್ರೆ ಯಾರೂ ಎದುರು ಮಾತಾಡಲಿಲ್ಲ. ನಾವು ಬಂದರಿನ ಬಾಯಿಗೆ ಬರುವಾಗ ಹಿಂದೆ ತೂಫಾನ್ ಎದ್ದಿತ್ತು.

ಈಗ ನಮಿ ಜ್ವರ ಬಂದು ಮಲಗಿದ್ದು ನೆನಪು ಮಾಡಿ. ಲಿಟಲ್ ಗಾರ್ಡನ್ ದ್ವೀಪ ಬಿಟ್ಟ ಮೇಲೆ. ಮೈ 40 ಡಿಗ್ರಿ ಸುಡ್ತಾ ಇದೆ, ಎದ್ದು ಬಂದು ಹಡಗು ತಿರುಗಿಸಿ ಅಂತಾಳೆ. ಅವರಿಗೆ ಎದುರಿಗೆ ಏನೂ ಕಾಣ್ತಾ ಇಲ್ಲ. ತಿರುಗಿಸ್ತಾರೆ. ಆಮೇಲೆ ಅವರು ಇದ್ದ ಜಾಗದಲ್ಲೇ ದೊಡ್ಡ ಚಂಡಮಾರುತ. ಜೊತೆಗಿದ್ದ ಅಲಬಾಸ್ಟಾದ ರಾಜಕುಮಾರಿ ವಿವಿ ಬಾಯಿ ಬಿಟ್ಟು ನೋಡ್ತಾಳೆ. ಗ್ರಾಂಡ್ ಲೈನ್ ಅನ್ನುವ ಆ ಕಡಲಲ್ಲಿ ಸಾಮಾನ್ಯ ದಿಕ್ಸೂಚಿ ನಡೆಯೋದಿಲ್ಲ, ಲಾಗ್ ಪೋಸ್ ಮುಂದಿನ ದ್ವೀಪದ ದಿಕ್ಕು ಮಾತ್ರ ತೋರಿಸ್ತದೆ, ಹವೆ ಹೇಳೋದಿಲ್ಲ. ಹವೆ ಹೇಳೋದು ಅವಳ ಮೈ.

ಲೂಫಿಗೆ ಈಜಲಿಕ್ಕೆ ಬರೋದಿಲ್ಲ, ಅವನ ಜೊತೆಗಾರ ಜೊರೊಗೆ ಬಲಗಡೆ ಎಡಗಡೆ ಗೊತ್ತಾಗೋದಿಲ್ಲ. ಅವಳಿಲ್ಲದಿದ್ರೆ ಈ ಕಥೆ ಮೊದಲ ವಾರದಲ್ಲೇ ಮುಳುಗ್ತಿತ್ತು. ಯಾರು ಯಾರನ್ನು ಕಾಪಾಡಿದ್ದು, ಹೇಳಿ ನೋಡುವ.

ರಾಬಿನ್ ಪಕ್ಷ
ಈ ಎಳೆಯಲ್ಲಿ ಇದಕ್ಕಿಂತ ಒಳ್ಳೇ ಪ್ರತಿಕ್ರಿಯೆ ಬರಲ್ಲ.

ನೀಲಿಶಾಯಿ
@ಮಲ್ಪೆ ಬಂದರು ಒಂದು ಸಂದೇಹ. ನಾನು ಸುಮ್ಮನೆ ಖುಷಿಗೆ ಕೆಲವು ಪುಟ ಕನ್ನಡಕ್ಕೆ ಮಾಡ್ತಾ ಇದೀನಿ, ನನ್ನ ಸೋದರಳಿಯನಿಗೆ ಓದಿ ಹೇಳೋಕೆ. ನಮಿಯನ್ನ ತಂಡೇಲ ಅಂತ ಕರೀಬಹುದಾ?

ಮಲ್ಪೆ ಬಂದರು
ಬೇಡ. ತಂಡೇಲ ಅಂದ್ರೆ ಬೋಟಿನ ಯಜಮಾನಿಕೆಯೂ ಅವನದೇ, ಆಳುಗಳು ಅವನ ಮಾತು ಕೇಳಬೇಕು. ಅದು ಲೂಫಿ ಜಾಗ. ನಮ್ಮಲ್ಲಿ ದಾರಿ ನೋಡುವವನೂ ತಂಡೇಲನೇ, ಬೇರೆ ಜನ ಇಲ್ಲ. ನೀವು "ದಾರಿಗಾತಿ" ಅಂತ ಏನಾದ್ರೂ ಹಾಕಿ.

ಹಳೇ ಓದುಗ
ಕಡಲ್ಗಳ್ಳ ಅನ್ನೋದಕ್ಕೆ ಹೆಣ್ಣು ರೂಪ ಕಡಲ್ಗಳ್ಳಿ ಸಲೀಸಾಗಿ ಬರುತ್ತೆ. "ದಾರಿಗಾತಿ" ಚೆನ್ನಾಗಿದೆ, ಮಾಟಗಾತಿ ತರ.

ನೀಲಿಶಾಯಿ
ದಾರಿಗಾತಿ ಬರ್ಕೊಂಡೆ! ಈಗ ನಿಜವಾದ ಕಷ್ಟ. 81ನೇ ಅಧ್ಯಾಯದ ಆ ಒಂದು ಮಾತು. ಜಪಾನಿಯಲ್ಲಿ "ತಸುಕೆತೆ". ಕಾಪಾಡು ಅಂತಾನೂ ಆಗುತ್ತೆ, ಸಹಾಯ ಮಾಡು ಅಂತಾನೂ ಆಗುತ್ತೆ. ಕನ್ನಡದಲ್ಲಿ ಯಾವುದು?

ಬೆಳವಲದ ಮಂದಿ
ಕಾಪಾಡು ಅನ್ನೋದು ದೇವರಿಗೆ ಹೇಳೋದ್ರಿ. ಮ್ಯಾಲಿಂದ ಇಳಿದು ಬಾ ಅಂದಂಗ. ಸಹಾಯ ಮಾಡು ಅಂದ್ರ ಸಾಲಿ ಪುಸ್ತಕದಾಗಿನ ಮಾತು. ನಮ್ಮ ಕಡೆ ಮೂಟೆ ಎತ್ತಾಕ ಆಗದಾಗ "ಒಂಚೂರು ಕೈ ಹಚ್ಚು ಬಾ" ಅಂತೀವಿ.

ಶಿರಸಿ ಸುಮ
ಕೈ ಹಚ್ಚು ಅನ್ನೋದು ಆ ಜಾಗಕ್ಕೆ ಹಗುರ ಆಯ್ತು. ಅವಳು ರಕ್ತ ಸುರಿಸ್ಕೊಂಡು ನೆಲದ ಮೇಲೆ ಕೂತಿದಾಳೆ. ಆದ್ರೆ ನೀವು ಹೇಳಿದ ಭಾವ ಸರಿ. ನನ್ನ ಭಾರ ನೀನು ಹೊರು ಅಂತಲ್ಲ ಅವಳು ಕೇಳಿದ್ದು. ನಾನು ಹೊತ್ತಿದ್ದಕ್ಕೆ ನೀನೂ ಒಂದು ಕಡೆ ಹಿಡಿ ಅಂತ.

ನೀಲಿಶಾಯಿ
"ಲೂಫಿ... ನನ್ನ ಕೈಲಾಗ್ತಿಲ್ಲ, ಬಾರೋ"?

ರಾಬಿನ್ ಪಕ್ಷ
ಇದು. "ಬಾರೋ" ಅಂದ ತಕ್ಷಣ ಮೈ ಜುಂ ಅಂತು.

ಹಳೇ ಓದುಗ
ಮೂಲದಲ್ಲಿ ಇಲ್ಲದ್ದನ್ನ ಸೇರಿಸಿದ ಹಾಗಾಯ್ತು. ಅವಳು ಕೈಲಾಗ್ತಿಲ್ಲ ಅನ್ನಲ್ಲ ಅಲ್ಲಿ. ಒಂದೇ ಪದ ಅದು. ಎಂಟು ವರ್ಷದಲ್ಲಿ ಯಾರಿಗೂ ಹೇಳದ ಒಂದು ಪದ. ಎರಡು ಮೂರು ಪದ ಮಾಡಿದ್ರೆ ಅದರ ತೂಕ ಹೋಗುತ್ತೆ.

ನೀಲಿಶಾಯಿ
ಸರಿ, ಅದನ್ನ ಇನ್ನೂ ಯೋಚಿಸ್ತೀನಿ. ಲೂಫಿ ಉತ್ತರಕ್ಕೆ? "ಅತಾರಿಮಯೆ ದಾ!" ಅಂತ ಆಕಾಶ ಕಿತ್ತುಹೋಗೋ ಹಾಗೆ ಕಿರುಚ್ತಾನಲ್ಲ.

ಬೆಳವಲದ ಮಂದಿ
"ಅದನ್ನ ಕೇಳಬೇಕೇನ!" ಬ್ಯಾರೆ ಯಾವುದೂ ಬ್ಯಾಡ.

ಗಾಳಿಪಟ
ಇದಕ್ಕೆ ನಾನೂ ವೋಟ್ ಹಾಕ್ತೀನಿ. ಬೆಂಗಳೂರಲ್ಲೂ "ಅದನ್ನ ಕೇಳ್ಬೇಕಾ!" ಅಂತಲೇ ಅನ್ನೋದು.

ನೀಲಿಶಾಯಿ
ಮುಗೀತು, ಅದೇ. "ನಕಾಮಾ"ಗೆ ಸಂಗಡಿಗಳು, ಗೆಳತಿ ಎಲ್ಲಾ ಬರೆದು ಹೊಡೆದು ಹಾಕಿದ್ದೆ. ಈಗ "ನೀನು ನಮ್ಮೋಳು!" ಅಂತ ಇಟ್ಟಿದೀನಿ.

ಕಿತ್ತಳೆತೋಟ
ನೀಲಿಶಾಯಿ ಅವರೇ, ಆ ಪುಟಗಳು ಮುಗಿದ ಮೇಲೆ ದಯವಿಟ್ಟು ನನಗೂ ತೋರಿಸಿ. "ನೀನು ನಮ್ಮೋಳು" ಅಂತ ಓದಿ ಕಣ್ಣು ತುಂಬಿತು.

ಅಲೆಮಾರಿ 73
ತಡವಾಗಿ ಬಂದೆ. ಹೆಸರು ನೋಡಿದ್ರಲ್ಲ, ನಾನು ಯಾರ ಪಕ್ಷ ಅಂತ ಗೊತ್ತಾಗಿರುತ್ತೆ. ಜಪಾನಿ ಎಣಿಕೆಯಲ್ಲಿ ಏಳು "ನಾ", ಮೂರು "ಮಿ". ಹಾಗಾಗಿ ಅವಳ ಹುಟ್ಟುಹಬ್ಬ ಜುಲೈ 3. ನಮಿ ಅಂದ್ರೆ ಅಲೆ ಅಂತಾನೂ ಅರ್ಥ.

ತಂಗಿ ಪ್ರಶ್ನೆಗೆ ನನ್ನ ಉತ್ತರ ಇದು. ಸಹಾಯ ಕೇಳೋದು ನಮಿಗೆ ಸುಲಭ ಆಗಿದ್ರೆ ಆ ದೃಶ್ಯ ದುರ್ಬಲ. ಅವಳಿಗೆ ಅದು ಪ್ರಪಂಚದಲ್ಲೇ ಕಷ್ಟದ ಕೆಲಸ. ಯಾಕಂದ್ರೆ ಅವಳ ಕಣ್ಣೆದುರು ಅವಳಿಗಾಗಿ ನಿಂತವರೆಲ್ಲ ಪೆಟ್ಟು ತಿಂದಿದ್ದಾರೆ. ಬೆಲ್‌ಮೇರ್ ಸತ್ತಳು, ಗೆಂಜೊ ಮೈತುಂಬ ಗಾಯ. ಯಾರನ್ನಾದರೂ ಹತ್ತಿರ ಕರೆದರೆ ಅವರು ಸಾಯ್ತಾರೆ ಅನ್ನೋದು ಹತ್ತನೇ ವಯಸ್ಸಲ್ಲಿ ಕಲಿತ ಪಾಠ. ಅದಕ್ಕೇ ಲೂಫಿ ಮೇಲೆ ಮಣ್ಣು ಎರಚಿ ಹೋಗು ಹೋಗು ಅಂತಾಳೆ. "ನಿನಗೇನು ಗೊತ್ತು, ಎಂಟು ವರ್ಷ ಇಲ್ಲಿ ಏನಾಯ್ತು ಅಂತ" ಅಂದಾಗ ಅವನು "ಗೊತ್ತಿಲ್ಲ" ಅಂತಾನೆ. ನಿಜವಾಗಿಯೂ ಗೊತ್ತಿಲ್ಲ ಅವನಿಗೆ! ನೊಜಿಕೊ ಕಥೆ ಹೇಳೋಕೆ ಕೂತಾಗ ಅವಳ ಹಳೇ ಕಥೆ ನನಗೆ ಬೇಡ ಅಂತ ಎದ್ದು ಹೋಗಿರ್ತಾನೆ. ಅಂದ್ರೆ ನಮಿ ತನ್ನ ಕಷ್ಟ ಸಾಬೀತು ಮಾಡಬೇಕಾಗಿಲ್ಲ. ಒಂದು ಪದ ಸಾಕು.

ನಮ್ಮಲ್ಲಿ ಒಬ್ಬ ಹೆಂಗಸು ಸಹಾಯ ಕೇಳಿದರೆ ಮೊದಲು ಪೂರ್ತಿ ಕಥೆ ಕೇಳ್ತೀವಿ, ಆಮೇಲೆ ಅವಳದ್ದೇನು ತಪ್ಪಿತ್ತು ಅಂತ ಹುಡುಕ್ತೀವಿ.

ಶಿರಸಿ ಸುಮ
ಕೊನೇ ಸಾಲನ್ನ ನಮ್ಮ ಮನೆಯವರಿಗೆಲ್ಲ ಕಳಿಸ್ತಿದೀನಿ.

ಹಳೇ ಓದುಗ
ಲೂಫಿ ಅವಳ ತಲೆ ಮೇಲೆ ಇಡೋ ಹುಲ್ಲಿನ ಟೋಪಿ ಇದೆಯಲ್ಲ, ಬಗ್ಗಿ ಅನ್ನೋ ಕಡಲ್ಗಳ್ಳನ ಹತ್ರ ಹರಿದುಹೋದಾಗ ಸೂಜಿ ದಾರ ಹಿಡಿದು ಹೊಲಿದುಕೊಟ್ಟಿದ್ದು ನಮಿಯೇ.

ಅಲೆಮಾರಿ 73
ಅಯ್ಯೋ ಹೌದು!! ಇದನ್ನ ಮರೆತೇ ಬಿಟ್ಟಿದ್ದೆ.

ರಾಬಿನ್ ಪಕ್ಷ
ನಾನು ನಮಿ ವಿರೋಧಿ ಅಲ್ಲ, ಆದ್ರೆ ಈ ವಿಷಯದಲ್ಲಿ ಅದೇ ಹಡಗಿನ ರಾಬಿನ್ ಇನ್ನೂ ದೊಡ್ಡವಳು. ಎಂಟನೇ ವಯಸ್ಸಲ್ಲಿ ತಲೆ ಮೇಲೆ 7 ಕೋಟಿ 90 ಲಕ್ಷ ಬಹುಮಾನ, ಇಪ್ಪತ್ತು ವರ್ಷ ಓಟ. ಎನೀಸ್ ಲಾಬಿ ಭಾಗದಲ್ಲಿ "ನಾನು ಬದುಕಬೇಕು" ಅಂತಾಳಲ್ಲ, ಅದರ ಮುಂದೆ ಬೇರೆ ಯಾವುದೂ ನಿಲ್ಲಲ್ಲ.

ಅಲೆಮಾರಿ 73
ರಾಬಿನ್‌ಗೆ ಬದುಕೋ ಆಸೆಯೇ ಹೋಗಿತ್ತು. ನಮಿಗೆ ಆಸೆ ಯಾವತ್ತೂ ಹೋಗಲಿಲ್ಲ, ಇಡೀ ಪ್ರಪಂಚದ ನಕ್ಷೆ ಬರೀಬೇಕು ಅಂತ ಕನಸು ಇಟ್ಕೊಂಡೇ ಅವಳು ಆರ್ಲಾಂಗ್‌ಗೆ ನಕ್ಷೆ ಬರೀತಾಳೆ. ತಾನು ಪ್ರೀತಿಸೋ ಕೆಲಸಾನೇ ಶಿಕ್ಷೆಯಾಗಿ ಮಾಡಬೇಕು. ಅವಳ ಲೇಖನಿಗೆ ರಕ್ತ ಅಂಟಿರುತ್ತೆ, ಲೂಫಿ ಅದನ್ನ ಕೈಯಲ್ಲಿ ಹಿಡಿದು ನೋಡಿದ ಮೇಲೆ ಆ ಕೋಣೆಯನ್ನೇ ಒಡೆದು ಹಾಕೋದು. ಹೋಲಿಕೆ ಯಾಕೆ ಬೇಕು, ಎರಡೂ ಬೇರೆ ನೋವು.

ಗಾಳಿಪಟ
ಒಂದು ಆಕ್ಷೇಪ ಮಾತ್ರ ನಾನು ಬಿಡಲ್ಲ. ಕಥೆಯಲ್ಲಿ ಎರಡು ವರ್ಷದ ಅಂತರ ಆದ್ಮೇಲೆ ನಮಿಯನ್ನ ಬರೆಯೋ ರೀತಿ. ಆರ್ಲಾಂಗ್ ಪಾರ್ಕ್ ನಮಿಗೂ ಈಗಿನ ನಮಿಗೂ ಬಟ್ಟೆ, ಮೈಕಟ್ಟು ನೋಡಿ. ಹೆಣ್ಣು ಪಾತ್ರಗಳಿಗೆಲ್ಲ ಒಂದೇ ಅಚ್ಚು. ಇಷ್ಟು ಗಟ್ಟಿ ಪಾತ್ರ ಬರೆದವರು ಚಿತ್ರದಲ್ಲಿ ಹೀಗೆ ಮಾಡಿದ್ರೆ ಬೇಜಾರಾಗುತ್ತೆ. ಜೊತೆಗೆ ಅವಳ ದೊಡ್ಡ ಕಾಳಗ ಹೆಚ್ಚಾಗಿ ಹೆಂಗಸರ ಜೊತೆಗೇ: ಜಾಲಾ, ಕಲೀಫಾ, ಉಲ್ಟಿ.

ಶಿರಸಿ ಸುಮ
ಇದಕ್ಕೆ ನನ್ನ ಪೂರ್ತಿ ಒಪ್ಪಿಗೆ. ತಂಗಿಗೆ, ಸೊಸೆಗೆ ಪುಸ್ತಕ ಕೊಡುವಾಗ ನನಗೂ ಕಸಿವಿಸಿ ಆಗುತ್ತೆ. ಪಾತ್ರ ಇಷ್ಟ ಅಂತ ಇದನ್ನ ಮುಚ್ಚಿಡಬಾರದು.

ಅಲೆಮಾರಿ 73
ಒಪ್ತೀನಿ. ಆದ್ರೆ ಆ ಕಾಳಗಗಳು ಹಗುರವಲ್ಲ. ಅಲಬಾಸ್ಟಾದಲ್ಲಿ ಜೊತೆಗಾರ ಉಸೊಪ್ ಮಾಡಿಕೊಟ್ಟ ಕ್ಲೈಮಾ ಟ್ಯಾಕ್ಟ್ ಅನ್ನೋ ಕೋಲು ಅರ್ಧ ಆಟಿಕೆ. ಅದನ್ನೇ ಹಿಡಿದು ಬಿಸಿಗಾಳಿ ತಂಪುಗಾಳಿ ಸೇರಿಸಿ ಮೋಡ ಮಾಡಿ ಸಿಡಿಲು ಬೀಳಿಸ್ತಾಳೆ, ಕಾಲಿಗೆ ಮುಳ್ಳು ಚುಚ್ಚಿ ತೂತಾಗಿದ್ರೂ. ವಿವಿ ನೋವಿನ ಮುಂದೆ ನನ್ನ ಕಾಲು ಯಾವ ಲೆಕ್ಕ ಅಂತ. ಉಲ್ಟಿ ಅವಳ ತಲೆ ಒಡೆಯೋಕೆ ಬಂದು, ಲೂಫಿ ಕಡಲ್ಗಳ್ಳರ ರಾಜ ಆಗಲ್ಲ ಅಂತ ಹೇಳು, ಬಿಡ್ತೀನಿ ಅಂತಾಳೆ. ಸಾಯೋ ಭಯದಲ್ಲಿ ಅಳ್ತಾ ಅಳ್ತಾನೇ "ಆಗ್ತಾನೆ" ಅಂತಾಳೆ. ಹೆದರಿಕೆ ಇಲ್ಲದವರ ಧೈರ್ಯ ನನಗೆ ಬೇಡ, ಇದು ಬೇಕು.

ಪುಟ್ಟಕಡಲು
ನಿಜವಾದ ಕಡಲ್ಗಳ್ಳಿಯರು ಇದ್ರಾ? ನಮ್ಮ ಅಬ್ಬಕ್ಕ ರಾಣಿಯನ್ನ ಸೇರಿಸಬಹುದಾ?

ಮಲ್ಪೆ ಬಂದರು
ಅಬ್ಬಕ್ಕ ಕಡಲ್ಗಳ್ಳಿ ಅಲ್ಲ! ಉಳ್ಳಾಲದ ರಾಣಿ, ತನ್ನ ಬಂದರಿಗಾಗಿ ಪೋರ್ಚುಗೀಸರ ಜೊತೆ ಹೋರಾಡಿದವರು. ದಯವಿಟ್ಟು ಅವರನ್ನು ಈ ಪಟ್ಟಿಗೆ ಸೇರಿಸಬೇಡಿ.

ಹಳೇ ಓದುಗ
ಆ್ಯನ್ ಬಾನಿ, ಮೇರಿ ರೀಡ್ ಇಬ್ಬರೂ ನಿಜ. 1720ರಲ್ಲಿ ಜಮೈಕಾದಲ್ಲಿ ವಿಚಾರಣೆ ನಡೀತು, ಗಲ್ಲು ಶಿಕ್ಷೆ ಆಯ್ತು, ಇಬ್ಬರೂ ಬಸುರಿ ಅಂತ ಶಿಕ್ಷೆ ಮುಂದೂಡಿದ್ರು. ರೀಡ್ ಮರುವರ್ಷ ಜೈಲಲ್ಲೇ ತೀರಿಕೊಂಡಳು. ಒನ್ ಪೀಸ್‌ನ ಜ್ಯೂಯೆಲ್ರಿ ಬಾನಿ ಹೆಸರು ಅಲ್ಲಿಂದಲೇ ಬಂದಿದ್ದು. ಚೀನಾದ ಝೆಂಗ್ ಯಿ ಸಾವೊ ಅಂತೂ ಗಂಡ ಸತ್ತ ಮೇಲೆ ದೊಡ್ಡ ದಂಡನ್ನೇ ನಡೆಸಿ 1810ರಲ್ಲಿ ತನ್ನ ಷರತ್ತಿನ ಮೇಲೆ ಸರ್ಕಾರಕ್ಕೆ ಶರಣಾದಳು.

ಬೆಳವಲದ ಮಂದಿ
ವಿಷಯ ಎಲ್ಲೆಲ್ಲಿಗೋ ಹೋತು. ನಾ ಒಂದು ಹೇಳಿ ಮುಗಿಸ್ತೀನಿ. ಊರವರ ವಿಷಯ ಯಾರೂ ಎತ್ತಲಿಲ್ಲ. ನಮಿ ಆರ್ಲಾಂಗ್ ಜೋಡಿ ಸೇರಿದಳು ಅಂತ ಎಂಟು ವರ್ಷ ಊರವರು ಆಕಿ ಮಾರಿ ನೋಡಂಗಿಲ್ಲ, ದ್ರೋಹಿ ಅಂತಾರ. ಆಮ್ಯಾಲೆ ಗೊತ್ತಾಗ್ತದ, ಅವರಿಗೆ ಎಲ್ಲಾ ಮೊದಲಿಂದನೂ ಗೊತ್ತಿತ್ತು. ನೊಜಿಕೊ ಹೇಳಿದ್ಲು. ನಾವು ಆಸೆ ಇಟ್ಕೊಂಡೀವಿ ಅಂತ ಗೊತ್ತಾದ್ರ ಈ ಹುಡುಗಿ ಓಡಿಹೋಗಬೇಕು ಅನಿಸಿದ್ರೂ ಓಡಂಗಿಲ್ಲ ಅಂತ, ಗೊತ್ತಿಲ್ಲದವರಂಗ ಇದ್ರು. ಪ್ರೀತಿ ಇದ್ದೂ ಸಿಟ್ಟು ತೋರಿಸೋದು ಎಷ್ಟು ಕಷ್ಟ ಇರ್ತದ ನೋಡ್ರಿ. ಒಬ್ಬಾಕಿನೇ ಹೊತ್ತೀನಿ ಅಂದ್ಕೊಂಡಿದ್ಲು, ಖರೇ ಅಂದ್ರ ಇಡೀ ಊರೇ ಆಕಿ ಜೋಡಿ ಹೊತ್ತಿತ್ತು.

ಮಲ್ಪೆ ಬಂದರು
ಆಮೇಲೆ ಮತ್ಸ್ಯಮಾನವರ ದ್ವೀಪದಲ್ಲಿ ಜಿಂಬೆ ಅನ್ನುವ ಮತ್ಸ್ಯಮಾನವನ ಮುಂದೆ ಅವಳು ಹೇಳಿದ್ದೂ ತಂಗಿಗೆ ತೋರಿಸಿ. ನನಗೆ ದ್ವೇಷ ಇರೋದು ಆರ್ಲಾಂಗ್ ಮೇಲೆ, ಮತ್ಸ್ಯಮಾನವರೆಲ್ಲರ ಮೇಲೆ ಅಲ್ಲ ಅಂತಾಳೆ. ಅವಳಿಗೆ ಆದದ್ದು ನಮಗೆ ಆಗಿದ್ರೆ ನಾವು ಹಾಗೆ ಹೇಳ್ತಿದ್ದೆವಾ?

ಪುಟ್ಟಕಡಲು
ಅವಳ ಹೊಸ ಹಚ್ಚೆಯಲ್ಲಿ ಇರೋದು ಕಿತ್ತಳೆ ಮತ್ತೆ ಗಿರಗಿಟ್ಲೆ ಅಲ್ವಾ? ಜಪಾನಿನ ಮಿಕಾನ್ ಮತ್ತೆ ನಮ್ಮ ಕಿತ್ತಳೆ ಒಂದೇನಾ?

ಶಿರಸಿ ಸುಮ
ನಮ್ಮ ಕೊಡಗಿನ ಕಿತ್ತಳೆ ತರ ಅಂದ್ಕೊಳ್ಳಿ, ಸಿಪ್ಪೆ ಸಡಿಲ, ಕೈಯಲ್ಲೇ ಸುಲಿಯಬಹುದು. ತಳಿ ಬೇರೆ, ಜಾತಿ ಹತ್ತಿರದ್ದು.

ಕಿತ್ತಳೆತೋಟ
ಎಲ್ಲರಿಗೂ ತುಂಬಾ ತುಂಬಾ ಥ್ಯಾಂಕ್ಸ್. ಇವತ್ತು ಸಂಜೆ ತಂಗಿಗೆ ಈ ಎಳೆ ಪೂರ್ತಿ ಓದಿ ಹೇಳಿದೆ. ಐವತ್ತು ಸಾವಿರದ ಲೆಕ್ಕ ಕೇಳಿದಾಗ ಮಾತಾಡಲಿಲ್ಲ. ಸುಮ ಅವರ ಅಮ್ಮನ ಮೊರದ ವಿಷಯ ಬಂದಾಗ, ಇನ್ನೊಂದು ಸಲ ಓದು ಅಂದ್ಲು. ಸೋಲು ಅಂದಿದ್ದು ವಾಪಸ್ ತಗೋತೀನಿ, ಆದ್ರೆ ಗಾಳಿಪಟ ಹೇಳಿದ ಬಟ್ಟೆ ವಿಷಯದಲ್ಲಿ ನಾನು ಅವರ ಕಡೆ ಅಂತ ಬರೆಯೋಕೆ ಹೇಳಿದಾಳೆ.

ಆಮೇಲೆ ತಾನೇ ಮುಂದೆ ಓದೋಕೆ ಕೂತ್ಲು. ನಮಿ ಊರು ಬಿಡೋ ದಿನ, ಓಡ್ತಾ ಎಲ್ಲರ ಜೇಬಿಂದ ಪರ್ಸು ಎಗರಿಸ್ತಾಳಲ್ಲ, ಅಲ್ಲಿ ಜೋರಾಗಿ ನಕ್ಕಳು. ಎರಡು ಪುಟ ಆದ್ಮೇಲೆ ನಗು ನಿಂತಿತು. ಏನು ಅಂತ ಬಗ್ಗಿ ನೋಡಿದೆ. ಗೆಂಜೊ ಟೋಪಿಯಲ್ಲಿದ್ದ ಗಿರಗಿಟ್ಲೆ ಬೆಲ್‌ಮೇರ್ ಸಮಾಧಿ ಹತ್ರ ಇತ್ತು. "ಅಣ್ಣ, ಇಷ್ಟು ದಿನ ಇದನ್ನ ಯಾಕೆ ಟೋಪಿಗೆ ಸಿಕ್ಕಿಸ್ಕೊಂಡಿದ್ದ?" ಅಂದ್ಲು. ನಮಿ ಕೂಸಾಗಿದ್ದಾಗ ಅವನ ಮುಖ ನೋಡಿ ಅಳ್ತಿದ್ಲು, ನಗಿಸೋಕೆ ಅಂತ ಇಟ್ಕೊಂಡಿದ್ದು ಅಂದೆ.

ಇನ್ನೂ ಓದ್ತಾ ಕೂತಿದಾಳೆ. ಊಟಕ್ಕೆ ಅಮ್ಮ ಎರಡು ಸಲ ಕರೆದಾಯ್ತು.

ನೀಲಿಶಾಯಿ
ನಾನೂ ಹೇಳ್ಬಿಡ್ತೀನಿ, ಆ ಜಾಗಕ್ಕೆ ಬರೀ "ಬಾರೋ" ಅಂತ ಇಟ್ಟೆ. ಹಳೇ ಓದುಗರೇ, ಒಂದೇ ಪದ.

ಹಳೇ ಓದುಗ
ಓದಿ ನೋಡಿದೆ. "ಲೂಫಿ... ಬಾರೋ." ಇರಲಿ ಬಿಡಿ, ಇದನ್ನ ಮುಟ್ಟಬೇಡಿ.